ಪಾಚಿಯ ಸಾಕ್ಷಿ

ತನಗೆ ತಿಳಿಯದ ವಿಷಯ ಎದುರಾದಾಗ ಕೋರ್ಟು ತಿಳಿದವನೊಬ್ಬನನ್ನು ಕಮಿಷನರ್ ಮಾಡಿ ಕಳಿಸುತ್ತದೆ. ಹೋದವನಿಗೆ ಏನೂ ತಿಳಿಯದು ಎಂದು ಸಾಬೀತು ಮಾಡುವುದು ವಕೀಲರ ಕೆಲಸ. ಸಕಲೇಶಪುರದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ನನಗೆ ತೊಂಬತ್ತರ ದಶಕದಲ್ಲಿ ಈ ಭಾಗ್ಯ ಆಗಾಗ ಒದಗುತ್ತಿತ್ತು. ಉದಾಹರಣೆಗೆ ಪಾಳ್ಯದ ಕಡೆಯ ಒಂದು ಕೇಸು ಸಾಕು.

ನೇಮಕ

ಪಾಲಾದ ಅಣ್ಣತಮ್ಮಂದಿರ ಜಮೀನಿನ ತಕರಾರು. ಅಣ್ಣನ ಕಾಫಿ ತೋಟದ ಅಂಚಿನಲ್ಲಿ, ತೀರಿಹೋದ ತಮ್ಮನ ಹೆಂಡತಿ ಗದ್ದೆಗೆ ಹೋಗುವ ಗಾಡಿ ದಾರಿ. ಗಡಿಕಲ್ಲುಗಳು ಆ ದಾರಿಯನ್ನೂ ಅಣ್ಣನ ಕಡೆಗೆ ಸೇರಿಸಿಕೊಂಡು ನಿಂತಿದ್ದವು. ಅಪ್ಪನ ಕಾಲದಿಂದಲೂ ಅಲ್ಲೇ ಇವೆ ಎಂದು ಅಣ್ಣ. ಹೋದ ಬೇಸಿಗೆಯಲ್ಲಿ ಕಿತ್ತು ದಾರಿಯ ಈಚೆಗೆ ಸರಿಸಿ ನೆಟ್ಟದ್ದು ಎಂದು ಆಕೆ. ಅಣ್ಣನ ಮಾತು ನಿಂತರೆ ಆಕೆಯ ಗದ್ದೆಗೆ ದಾರಿಯೇ ಇಲ್ಲ.

"ಕಲ್ಲಿನ ವಯಸ್ಸು ಹೇಳಲು ಗಿಡದ ಮೇಷ್ಟ್ರು ಯಾಕೆ?" ಎಂದರು ಅಣ್ಣನ ವಕೀಲರು.

"ಕಲ್ಲಿನ ಮೇಲೆ ಪಾಚಿ ಇದೆಯಲ್ಲ" ಎಂದರು ನ್ಯಾಯಾಧೀಶರು. ಆ ಕೇಸಿನಲ್ಲಿ ನಾನು ಕೇಳಿದ ವೈಜ್ಞಾನಿಕ ಮಾತು ಅದೊಂದೇ.

ಊಟ

ಸ್ಥಳ ನೋಡಲು ಹೋದ ದಿನ ಎರಡೂ ಮನೆಯಲ್ಲಿ ಅಡುಗೆ.

"ಕೋಳಿ ಸಾರು, ಅಕ್ಕಿ ರೊಟ್ಟಿ ಐತೆ, ಬನ್ನಿ ಸಾರ್" ಎಂದ ಅಣ್ಣ.

"ನಮ್ಮನೇಲೂ ಕೋಳೀನೇ ಮೇಷ್ಟ್ರೇ. ಅವರದು ಫಾರಂದು, ನಮ್ಮದು ನಾಟಿ" ಎಂದಳು ಆಕೆ.

ಒಂದು ಕಡೆ ಉಂಡರೆ ಇನ್ನೊಂದು ಕಡೆಯಿಂದ ಆಕ್ಷೇಪಣೆ. ಮೋರಿ ಕಟ್ಟೆಯ ಮೇಲೆ ಕೂತು, ತಂದಿದ್ದ ಬಾಳೆಹಣ್ಣು ತಿಂದೆ. ಮುಂದಿನ ವಾಯಿದೆಯಲ್ಲಿ ಅಣ್ಣನ ವಕೀಲರ ಮೊದಲ ಪ್ರಶ್ನೆ: "ಬಾಳೆಹಣ್ಣು ಯಾರ ತೋಟದ್ದು?"

ಪಾಟೀಸವಾಲು

ಈ ಸೀಮೆಯಲ್ಲಿ ಮಳೆ ಪಡುವಲಿಂದ ಬಡಿಯುತ್ತದೆ. ಬಯಲಲ್ಲಿ ನಿಂತ ಹಳೆಯ ಕಲ್ಲಿಗೆ ಆ ಮುಖದಲ್ಲೇ ಪಾಚಿ ದಪ್ಪ. ಇಲ್ಲಿ ಒಂದರ ಪಾಚಿ ಮೂಡಲಿಗೆ, ಇನ್ನೊಂದರದು ತೆಂಕಲಿಗೆ; ಮದುವೆ ಫೋಟೋಗೆ ನಿಲ್ಲಿಸಿದ ಮಕ್ಕಳ ಹಾಗೆ. ಕಲ್ಲುಗಳನ್ನು ಈಚೆಗೆ ಕಿತ್ತು ನೆಟ್ಟಿದ್ದಾರೆ ಎಂದು ವರದಿ ಕೊಟ್ಟೆ.

"ಮೂಡಲಿಗೆ ಪಾಚಿ ಬೆಳೆಯಲೇಬಾರದು ಎಂದಿದೆಯೇ?" ವಕೀಲರು ಕೇಳಿದರು.

"ಹಾಗೇನಿಲ್ಲ. ಅಪರೂಪಕ್ಕೆ ಬೆಳೆಯಬಹುದು."

"ಬೆಳೆಯಬಹುದು!" ಎಂದು ಅವರು ಗೆದ್ದವರಂತೆ ಕೂತರು. ನಿಜ ಹೇಳುವವನು 'ಅಪರೂಪಕ್ಕೆ' ಎನ್ನದೆ ಇರಲಾರ; ಕೋರ್ಟಿನಲ್ಲಿ ಬಾಳುವುದು ಅದರ ಮುಂದಿನ ಪದ ಮಾತ್ರ.

ಹೊರಗೆ ಆಕೆ ಕಾದಿದ್ದಳು. "ನೀವು ಓದಿದ್ದು ಜಾಸ್ತಿ ಆಯ್ತು ಕಣ್ರೀ ಮೇಷ್ಟ್ರೇ. ಬೆಳೆಯಲ್ಲ ಅನ್ನೋಕೇನಾಗಿತ್ತು? ಈಗ ಭತ್ತಾನ ಹಾರಿಸ್ಕೊಂಡು ತರ್ಲಾ?"

ಎರಡನೇ ಭೇಟಿ

ಗೆದ್ದ ಹುಮ್ಮಸ್ಸಿನಲ್ಲಿ ವಕೀಲರೇ ಮತ್ತೊಮ್ಮೆ ಸ್ಥಳ ತಪಾಸಣೆ ಕೇಳಿದರು. ಈ ಸಲ ಎಲ್ಲರ ಎದುರಿಗೆ.

ಹೋಗಿ ನೋಡಿದರೆ ಎಲ್ಲ ಕಲ್ಲುಗಳ ಪಾಚಿಯೂ ಪಡುವಲಿಗೆ! ಬುಡದಲ್ಲಿ ಹಸಿ ಮಣ್ಣು. ವಕೀಲರು ಆಕಾಶ ನೋಡತೊಡಗಿದರು.

ತೋಟಕ್ಕೆ ಬರುವ ಅಧಿಕಾರಿಗಳೆಲ್ಲ ಕುಂದು ತೋರಿಸಿ ಹೋಗುವವರು. ಸರಿಮಾಡಿಟ್ಟರೆ ಮತ್ತೆ ಬಂದು ಒಪ್ಪುವವರು. ಅಣ್ಣನ ಲೆಕ್ಕದಲ್ಲಿ ನಾನೂ ಅಂಥವನೇ.

"ನೀವು ಬರೆದಂಗೇ ಎಲ್ಲಾನೂ ಕಿತ್ತು ತಿರುಗಿಸಿ ನೆಟ್ಟಿದ್ದೀನಿ ಸಾರ್" ಎಂದ, ಪ್ರಾಮಾಣಿಕವಾಗಿ. "ಹೋದ್ಸಲ ನೆಡೋವಾಗ ಆಳುಗಳು ದಿಕ್ಕು ನೋಡ್ಲಿಲ್ಲ. ಈಗ ಸರಿ ಐತಾ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು:

"ದಿಕ್ಕು ಸರಿ ಐತೆ ಭಾವ. ಇನ್ನೊಂದೇ ಸಲ ಕಿತ್ತು, ಮೊದಲು ಎಲ್ಲಿದ್ವೋ ಅಲ್ಲಿಗೆ ನೆಟ್ಬುಡಿ."