ಗುಂಯ್‌ಗುಡುವ ಟಿವಿಯೂ ಬಿಳಿ ಅಂಟೂ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಮಾಡಿದ ಮನುಷ್ಯ ಒಂದು ಟಿವಿಗೆ ಹೆದರಬೇಕೇ? ಬೇಕಿಲ್ಲ ಎಂಬುದೇ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನದವರೆಗೂ ಆಗಿತ್ತು.

ನಮ್ಮದು ಚನ್ನಪಟ್ಟಣ. ಕೆಟ್ಟುಹೋಗಿದ್ದ ನಮ್ಮ ಟಿವಿಯ ಪವರ್ ಬೋರ್ಡನ್ನು ಪೇಟೆಯ ಮೆಕ್ಯಾನಿಕ್ ಇಮ್ತಿಯಾಜ್ ಸರಿಮಾಡಿ ಶನಿವಾರ ಸಂಜೆ ತಂದಿಟ್ಟು ಹೋದ. ಚಿತ್ರ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಆದರೆ ಬೆನ್ನಿನ ಕಡೆಯಿಂದ ಸಣ್ಣಗೆ ಒಂದು ಗುಂಯ್. ಸೀಸೆಯೊಳಗೆ ನೊಣ ಸಿಕ್ಕಿಹಾಕಿಕೊಂಡ ಹಾಗೆ. ಒಮ್ಮೆ ಕಿವಿಗೆ ಬಿದ್ದಮೇಲೆ ಬೇರೇನೂ ಕೇಳಿಸದು.

ಬೇರೆ ವಾರವಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನನ್ನ ತಂಗಿ ಸಾವಿತ್ರಿಯ ಮಗಳು, ಹಾಸ್ಟೆಲಿನಲ್ಲಿದ್ದು ಓದುವ ರಮ್ಯ ಹಾಡಿದ್ದ ಜನಪದ ಗೀತೆ ಭಾನುವಾರ ಸಂಜೆ ನಾಲ್ಕು ಗಂಟೆಗೆ ಟಿವಿಯಲ್ಲಿ ಬರುವುದಿತ್ತು. ಅವಳನ್ನು ಮೊದಲ ಸಲ ಕೈಹಿಡಿದು ವೇದಿಕೆ ಹತ್ತಿಸಿದವನು ನಾನು. ನಮ್ಮ ಟಿವಿ ದೊಡ್ಡದೆಂದು ತಂಗಿಯ ಮನೆಯವರೆಲ್ಲ ಗುಡೇಮಾರನಹಳ್ಳಿಯಿಂದ ಇಲ್ಲಿಗೇ ಬರುವವರಿದ್ದರು. ಅವಳ ಹಾಡಿಗೆ ನೊಣದ ಹಿಮ್ಮೇಳವೇ?

ನನ್ನ ಹೆಂಡತಿ ಗಿರಿಜಾ ಅವರೆಕಾಯಿ ಬಿಡಿಸುತ್ತಲೇ ಪರಿಹಾರ ಹೇಳಿದಳು. "ಸೌಂಡ್ ಒಸಿ ಜಾಸ್ತಿ ಮಾಡಿ. ಆ ಗುಂಯ್ ಯಾರ್ಗೂ ಕೇಳಾಕಿಲ್ಲ."

ಇಷ್ಟು ಸುಲಭದ ಪರಿಹಾರವನ್ನು ಒಪ್ಪಲು ನನ್ನ ಆತ್ಮಗೌರವ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಕ್ರಮಬದ್ಧವಾದ ತನಿಖೆ ಶುರುವಾಯಿತು. ಪ್ಲಗ್ಗಿನ ದೋಷವಿರಬಹುದೆಂದು ಟಿವಿಯನ್ನು ಅಡುಗೆಮನೆಗೆ ಹೊತ್ತೆ. ಗುಂಯ್ ಜೊತೆಯಲ್ಲೇ ಬಂತು. ಫ್ಯಾನ್ ಆರಿಸಿದೆ. ಫ್ರಿಜ್ ಆರಿಸಿದೆ. ಗುಂಯ್ ಹೋಗಲಿಲ್ಲ, ಫ್ರಿಜ್ ಮತ್ತೆ ಹಾಕುವುದನ್ನು ಮರೆತು ನೆಂಟರಿಗೆಂದು ತಂದಿದ್ದ ಎರಡು ಲೀಟರ್ ಹಾಲು ಹೋಯಿತು!

ಆಮೇಲೆ ನನ್ನ ಅನುಮಾನ ಪಕ್ಕದ ಮನೆಗೆ ಹಾರಿತು. ಒಂದೇ ಗೋಡೆಯ ಆಚೆ ಸಿದ್ದರಾಜು ಮರ ಕಡೆಯುವ ಲೇತ್ ಇಟ್ಟುಕೊಂಡು ಬೊಂಬೆ ಮಾಡುತ್ತಾನೆ. ಆ ಲೇತಿನ ಮೋಟಾರೇ ಲೈನ್ ಕೆಡಿಸುತ್ತಿದೆ ಎಂದು ತೀರ್ಮಾನಿಸಿ, ಹೋಗಿ ಅವನಿಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮಾರನೆಯ ದಿನ ಕೊಡಬೇಕಾದ ಆರ್ಡರ್ ಇತ್ತಂತೆ. ಆದರೂ ಮೇಷ್ಟ್ರು ಹೇಳಿದ ಮೇಲೆ ಇರಬಹುದೆಂದು ಪಾಪ ಲೇತ್ ನಿಲ್ಲಿಸಿ ಕುಳಿತ. ಅಲ್ಲಿಯವರೆಗೆ ಲೇತಿನ ಸದ್ದಿನಲ್ಲಿ ಅರ್ಧ ಮುಚ್ಚಿಹೋಗಿದ್ದ ಗುಂಯ್ ಈಗ ಅತ್ಯಂತ ಸ್ಪಷ್ಟವಾಗಿ ಕೇಳತೊಡಗಿತು.

ಗಂಟೆ ಎರಡಾಯಿತು. ಬೈರಾಪಟ್ಟಣದಲ್ಲಿ ನೆಂಟರ ಮನೆಯಲ್ಲಿದ್ದ ಇಮ್ತಿಯಾಜನಿಗೆ ಫೋನ್ ಮಾಡಿದೆ.

"ಒಳಗೆ ತಂತಿ ಸುತ್ತಿರೋ ಕಾಯಿಲ್ ಒಸಿ ಲೂಸಾಗಿ ಅದುರ್ತಾ ಐತೆ ಸಾ, ಅಷ್ಟೆ. ಟಿವಿಗೇನೂ ಆಗಾಕಿಲ್ಲ. ನಾಳೆ ಬತ್ತೀನಿ, ವಾರ್ನಿಷ್ ಬುಟ್ರೆ ಗಟ್ಟಿಯಾಗಿ ಕೂತ್ಕತದೆ. ನೀವು ಕೈ ಹಾಕ್ಬೇಡಿ."

ಇದರಲ್ಲಿ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ವೈಜ್ಞಾನಿಕವಾಗಿ ಸರಿಯೆನಿಸಿತು. ಅದುರುವುದನ್ನು ಅಂಟಿಸಬೇಕು. ವಾರ್ನಿಷ್ ಇಲ್ಲದಿದ್ದರೇನು, ಸಿದ್ದರಾಜುವಿನ ಮನೆಯಲ್ಲಿ ಮರಕ್ಕೆ ಹಾಕುವ ಬಿಳಿ ಅಂಟು ಇದೆಯಲ್ಲ! ಅವನು ಡಬ್ಬಿ ಕೊಡುತ್ತ, ಒಣಗಲು ಒಂದು ರಾತ್ರಿ ಬೇಕೆಂದು ಎಚ್ಚರಿಸಿದ. ನನ್ನ ಬಳಿ ಎರಡು ಗಂಟೆಯೂ ಇರಲಿಲ್ಲ.

ಟಿವಿಯ ಬೆನ್ನು ಬಿಚ್ಚಿ, ಕಾಯಿಲಿನ ಸುತ್ತ ದೋಸೆಗೆ ಬೆಣ್ಣೆ ಹಾಕುವಷ್ಟು ಧಾರಾಳವಾಗಿ ಅಂಟು ಸುರಿದು, ಬೀಸಣಿಗೆ ಹಿಡಿದು ಕುಳಿತೆ. ಮೂರಕ್ಕೆ ತಂಗಿಯ ಮನೆಯವರು ಏಳು ಜನ ಬಂದಿಳಿದರು. ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರಂತೆ ನನ್ನ ಹಿಂದೆ ಸಾಲಾಗಿ ಕುಳಿತರು. ತಂಗಿಯ ಗಂಡ ಚಿಕ್ಕಣ್ಣ ಸ್ವಲ್ಪ ಹೊತ್ತು ನೋಡಿ ಕೇಳಿದ. "ಭಾವ, ಮಕ ಗೋಡೆ ಕಡೆ ಐತೆ. ನಾವು ಬೆನ್ನು ನೋಡಾಕ್ ಬಂದ್ವಾ?"

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮುಟ್ಟಿ ನೋಡಿದೆ, ಅಂಟಿನ ಮೇಲ್ಪದರ ಒಣಗಿತ್ತು. ಒಳಗೆ ಪಾಯಸದ ಹಾಗೇ ಇತ್ತೆಂಬುದು ಸ್ವಿಚ್ ಹಾಕಿದ ಮೇಲೆ ತಿಳಿಯಿತು. ಟಪ್ ಎಂದಿತು. ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು, ಇಡೀ ಮನೆಯ ಕರೆಂಟು ಹೋಯಿತು.

ಗುಂಯ್ ಮಾತ್ರ ಸಂಪೂರ್ಣ ನಿಂತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಸಾವಿತ್ರಿ ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಅವಳು ಎದ್ದು ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಗಿರಿಜಾಳನ್ನು ಕೇಳಿದಳು. "ಅತ್ಗೆ, ಪಕ್ಕದ್ಮನೇಲಿ ಟಿವಿ ಐತಾ?"

ಎರಡೇ ನಿಮಿಷದಲ್ಲಿ ಮನೆ ಖಾಲಿಯಾಯಿತು. ಗಿರಿಜಾ ಬಾಗಿಲಲ್ಲಿ ನಿಂತು ಕರೆದಳು. ನೀವು ಹೋಗಿರಿ, ಐದು ನಿಮಿಷದಲ್ಲಿ ಸರಿಮಾಡುತ್ತೇನೆ ಎಂದೆ. ನಿಜ ಬೇರೆ ಇತ್ತು. ಬೆಳಿಗ್ಗೆಯಿಂದ ಯಾರ ಲೇತ್ ನಿಲ್ಲಿಸಿದ್ದೆನೋ ಅವನ ಮನೆಗೇ ಹೋಗಿ ಅವನ ಚಾಪೆಯ ಮೇಲೆ ಕೂರಲು ಮುಖವಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು, ಸುಟ್ಟ ಬೋರ್ಡಿನ ಮುಂದೆ ನೆಲದ ಮೇಲೆ ಕುಳಿತೆ.

ನಾಲ್ಕು ಗಂಟೆಗೆ ಗೋಡೆಯಾಚೆಯಿಂದ ರಮ್ಯಳ ದನಿ ಬಂತು. ಫ್ಯಾನಿಲ್ಲ, ಫ್ರಿಜ್ಜಿಲ್ಲ, ಲೇತಿಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಎದ್ದು ಹೋಗಿ ಅಲ್ಲಿನ ಬಾಗಿಲಲ್ಲಾದರೂ ನಿಲ್ಲೋಣವೆಂದು ಮೂರು ಸಲ ಹೊಸ್ತಿಲವರೆಗೆ ಹೋದೆ, ಮೂರು ಸಲ ಹಿಂದಿರುಗಿದೆ. ನಾಲ್ಕನೆಯ ಸಲ ಹೊರಡುವಷ್ಟರಲ್ಲಿ ಹಾಡು ಮುಗಿದು ಆಚೆ ಮನೆಯಲ್ಲಿ ಚಪ್ಪಾಳೆ ಬಿತ್ತು. ಸಾವಿತ್ರಿ ಮೂಗು ಸೀಟಿಕೊಂಡದ್ದೂ ಕೇಳಿತು.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಹಾಸ್ಟೆಲಿನಿಂದ ರಮ್ಯ.

"ಮಾವ, ಮೊದ್ಲು ನಿಮ್ಗೇ ಫೋನ್ ಮಾಡ್ತಿರೋದು. ನೋಡುದ್ರಾ?"

"ನೋಡ್ದೆ ಕಣವ್ವ. ಬಾಳ ಚೆನ್ನಾಗ್ ಹಾಡ್ದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಸಿರು ಸೀರೆಯಲ್ಲಿ ಥೇಟ್ ಲಕ್ಷ್ಮಿಯ ಹಾಗೆ ಕಾಣುತ್ತಿದ್ದೆ ಎಂದೂ ಸೇರಿಸಿದೆ.



"ಮಾವ, ನಾನು ಹಾಕಿದ್ದು ಕೆಂಪು ಚೂಡಿದಾರ."

ರಿಪೇರಿ ಆದಾಗಿನಿಂದ ನಮ್ಮ ಟಿವಿಯಲ್ಲಿ ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ಹೇಳಿ ಫೋನ್ ಇಟ್ಟೆ.