ಮಲ್ಲಿಗಾಳ ಎರಡು ಹಕ್ಕಳೆಗಳ ಬಗ್ಗೆ

ಸೋಮನೂರು, ಸೆಪ್ಟೆಂಬರ್ 1984

ವೈರಾಣು ಪರೀಕ್ಷಾಲಯದ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಸೂಕ್ಷ್ಮದರ್ಶಕಗಳೂ ಕ್ಷೇಮವೆಂದು ನಂಬಿ, ಇಲ್ಲಿ ನಾಲ್ಕು ಪವರ್‌ಲೂಮ್ ಓಡಿಸುವ ಮೈಲ್‌ಸಾಮಿಯೆಂಬ ನಾನು, ತಾವು ಕನ್ನಡದವರೆಂದು ತಿಳಿದ ಧೈರ್ಯದಿಂದ, ಊರಿನ ತಮಿಳು ಬಿಟ್ಟು ಮನೆಮಾತಿನಲ್ಲೇ ಈ ಪತ್ರ ಬರೆಸುತ್ತಿದ್ದೇನೆ.

ಕಳೆದ ಮಾರ್ಚಿನಲ್ಲಿ ನನ್ನ ಮಗಳು ಮಲ್ಲಿಗಾಳ ಮೈಮೇಲೆ ಗುಳ್ಳೆ ಎದ್ದವು. ನಾವು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಸುಮ್ಮನಿದ್ದೆವು. ಆದರೆ ಹೆಲ್ತ್ ಇನ್ಸ್‌ಪೆಕ್ಟರ್ ದೊರೈಸಾಮಿಯವರು ಸುತ್ತೋಲೆಯೊಂದನ್ನು ಹಿಡಿದು ಬಂದು, ದೊಡ್ಡ ಸಿಡುಬು ಲೋಕದಿಂದ ತೊಲಗಿದ ಮೇಲೆ ಹೆದರಬೇಕಾದದ್ದು ಮಂಗನ ಸಿಡುಬಿಗೆ ಎಂದು ವಿವರಿಸಿ, ಮನೆಗೆ ಮಂಗ ಬರುತ್ತದೆಯೇ ಎಂದು ವಿಚಾರಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಹೆಂಡತಿ ನಾಚಿಯಮ್ಮ, “ದಿನಾ ಬತ್ತದೆ ಸಾರ್, ತೇಂಗಾ ಎತ್ಕೊಂಡೋಯ್ತದೆ” ಎಂದಳು. ಅಷ್ಟು ಸಾಕಾಯಿತು. ಒಣಗಿದ ಗುಳ್ಳೆಯ ಎರಡು ಹಕ್ಕಳೆಗಳು ಸೀಸೆ ಸೇರಿ, ಅರಗಿನ ಮುದ್ರೆ ಹಾಕಿಸಿಕೊಂಡು, ತಮ್ಮ ಪಾದಕ್ಕೆ ಪ್ರಯಾಣ ಮಾಡಿದವು. ವೈರಾಣುವಿನೊಳಗಿನ ಎಳೆಯನ್ನು ತುಂಡರಿಸಿ, ತುಂಡುಗಳ ಉದ್ದ ಹೋಲಿಸಿ, ಇದು ಯಾವ ಸಿಡುಬೆಂದು ತಾವು ಹೇಳುವಿರಂತೆ. ನೂಲಿನ ಎಳೆ ಎಣಿಸಿಯೇ ಬಾಳುವ ನನಗೆ ತಮ್ಮ ಮೇಲೆ ಅಂದೇ ಭಕ್ತಿ ಹುಟ್ಟಿತು.

ಫಲಿತಾಂಶ ಬರುವವರೆಗೆ ಒಳಗೆ ಯಾರೂ ಬರಕೂಡದೆಂದು ಬಾಗಿಲಿಗೆ ಚೀಟಿ ಅಂಟಿಸಿದರು. ಹದಿನೈದು ದಿನಕ್ಕೆ ಮಗಳು ಮಿಂದು ಎದ್ದಳು. ಚೀಟಿ ಮಾತ್ರ ಏಳಲಿಲ್ಲ. ಲೂಮಿನ ಆಳುಗಳು ಬೇರೆ ಶೆಡ್ಡು ಹಿಡಿದರು. ಮಗಳಿಗೆ ಗಂಡು ಗೊತ್ತಾಗಿದ್ದ ನೆಗಮಂ ಊರಿನ ಬೀಗರು, ಮಂಗನ ಸಿಡುಬಲ್ಲವೆಂಬ ಕಾಗದ ಬಂದ ಮೇಲೆಯೇ ಮದುವೆಯ ಮಾತು ಎಂದು ಹೇಳಿಕಳುಹಿಸಿದರು. ಮಲ್ಲಿಗಾ ಅಳಲಿಲ್ಲ, ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಇಂಥ ಸಣ್ಣ ವಿಷಯಗಳಿಂದ ತಮ್ಮ ಮೌನಕ್ಕೆ ಭಂಗ ಬಾರದಿದ್ದುದು ತಮ್ಮ ದೊಡ್ಡತನ.

ಐದನೆಯ ತಿಂಗಳಲ್ಲಿ ಮದುವೆಗಂಡು ನಂಜುಂಡನ್ ಅಪ್ಪನಿಗೂ ಹೇಳದೆ ಬಸ್ಸು ಹತ್ತಿ ಬಂದ. ಚೀಟಿ ಓದಿದ, ಚಪ್ಪಲಿ ಬಿಟ್ಟ, ಒಳಗೆ ಬಂದ. ಕಾಗದ ಇನ್ನೂ ಬಂದಿಲ್ಲವೆಂದು ನಾನು ತಡವರಿಸಿದರೆ, “ನಾ ಪೊಣ್ಣ ನೋಡಕ್ ಬಂದೆ ಮಾಮಾ, ಕಾಗ್ದ ನೋಡಕ್ಕಲ್ಲ” ಎಂದು, ನೋಡಬಂದ ಹೆಣ್ಣು ಮಲ್ಲಿಗಾ ಬಡಿಸಿದ್ದನ್ನು ಉಂಡು, ಎರಡನೆಯ ಸಲವೂ ಹಾಕಿಸಿಕೊಂಡ. ನಾಚಿಯಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಅವನ ಹಟಕ್ಕೆ ಬೀಗರೂ ಮಣಿದರು; ಆಗಸ್ಟಿನ ಕೊನೆಗೆ, ಆವಣಿ ತಿಂಗಳಲ್ಲೇ ಮದುವೆ ಮಾಡಿದೆವು.

ಮದುವೆಯಾದ ಒಂಬತ್ತನೆಯ ದಿನ ತಮ್ಮ ಕೃಪಾಪತ್ರ ಬಂತು: ಹಕ್ಕಳೆಗಳು ಪರೀಕ್ಷೆಗೆ ಸಾಲವು, ಅದೇ ರೋಗಿಯಿಂದ ಹೊಸದಾಗಿ ತೆಗೆದು ಕಳುಹಿಸುವುದು. ವಿಜ್ಞಾನಕ್ಕೆ ನೆರವಾಗಲು ನಾವು ಸದಾ ಸಿದ್ಧ. ಆದರೆ ಅವಳ ಮೈಮೇಲೆ ಈಗ ಒಂದೂ ಇಲ್ಲದ್ದರಿಂದ, ತಾವೇ ಒಂದಿಷ್ಟು ಸಿಡುಬನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿಕೊಟ್ಟರೆ, ಬರಿಸಿಕೊಂಡು, ಹಕ್ಕಳೆ ಕಟ್ಟಿಸಿ, ಜೋಪಾನವಾಗಿ ಹಿಂತಿರುಗಿಸುವೆವು.

ತಮ್ಮ ಮುಂದಿನ ಉತ್ತರವನ್ನು, ಇನ್ನು ಹುಟ್ಟಬೇಕಾದ ಮೊಮ್ಮಗಳಿಂದ ಓದಿಸಿ ಕೇಳುವ ಆಸೆಯಿಂದ,

ತಮ್ಮ ವಿಶ್ವಾಸಿ,
ಮೈಲ್‌ಸಾಮಿ

ಮರೆತ ಮಾತು: ತಮ್ಮ ಪತ್ರದಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ‘ಮಂಗ, ಹೆಣ್ಣು, ವಯಸ್ಸು ಇಪ್ಪತ್ತು’ ಎಂದಿದೆ. ಓದಿ ಹೇಳಿದಾಗ ಮಲ್ಲಿಗಾ ನಕ್ಕುಬಿಟ್ಟಳು. ಹಾಗಾಗಿ ಪತ್ರ ಬರೆಸುತ್ತಿದ್ದೇನೆ. ಅತ್ತಿದ್ದರೆ ನಾನೇ ಬರುತ್ತಿದ್ದೆ.