ಬಸ್ಸು ಫ್ರೀ ಇರುವಾಗ ಸೈಕಲ್ ಯಾಕೆ?

ನಾನು ಜನ ಇಲ್ಲದ ರಸ್ತೆ ಹುಡುಕಿಕೊಂಡು ಹೋಗುತ್ತೇನೆ. ಜನ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. ಎರಡು ವರ್ಷದಿಂದ ಭಾನುವಾರ ಬಂತೆಂದರೆ ಇದೇ ಕಥೆ.

ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ವಯಸ್ಸು ಐವತ್ತರ ಹತ್ತಿರ. ನಮ್ಮ ಯಜಮಾನರದು ಕಿರಾಣಿ ಅಂಗಡಿ, ಅದೂ ಮನೆಯ ಮುಂಭಾಗದಲ್ಲೇ. ಶಾಲೆಯಲ್ಲಿ ಮಕ್ಕಳ ಗದ್ದಲ, ಮನೆಯಲ್ಲಿ ಗಿರಾಕಿಗಳ ಗದ್ದಲ. ಮಂಡಿ ನೋವಿಗೆ ಡಾಕ್ಟರು ಸೈಕಲ್ ತುಳಿಯಲು ಹೇಳಿದಾಗ ಒಂದು ಗೇರ್ ಸೈಕಲ್ ಕೊಂಡೆ. ಲಾರಿಗಳ ಹೆದರಿಕೆಗೆ ದೊಡ್ಡ ರಸ್ತೆ ಬಿಟ್ಟು ಕುರುಚಲು ಕಾಡಿನ ಒಳರಸ್ತೆಗಳನ್ನು ಹಿಡಿದೆ. ಎರಡೂ ಕಡೆ ಕಾರೆ, ಬಂದರಿಕೆ, ಸೀತಾಫಲದ ಗಿಡಗಳು. ಗಂಟೆಗೊಂದು ಗಾಡಿ ಬಂದರೆ ಹೆಚ್ಚು. ಅಲ್ಲಿ ನನ್ನ ಉಸಿರು ನನಗೇ ಕೇಳಿಸುತ್ತದೆ. ಮಂಡಿ ನೋವು ಹೋಗಿ ವರ್ಷವಾಯಿತು, ಸೈಕಲ್ ಮಾತ್ರ ಬಿಡಲಾಗಲಿಲ್ಲ.

ನಮ್ಮವರಿಗೆ ಇದು ಹಿಡಿಸಲಿಲ್ಲ. "ಬ್ಯಾಳಿ ತಗೊಳ್ಳಾಕ ಬಂದೋರು ಬ್ಯಾಳಿ ಬಿಟ್ಟು ನಿನ್ನ ಸುದ್ದಿ ಕೇಳ್ತಾರ" ಎಂದು ದಿನವೂ ಗೊಣಗಾಟ. ಕೊನೆಗೊಮ್ಮೆ ಪಂಥಕ್ಕೆ ಬಿದ್ದರು. "ನಿನ್ನ ತವರಿಗೆ ಸೈಕಲ್ ಮ್ಯಾಲೆ ಹೋಗಿ ತೋರಿಸು. ನಡುವ ಯಾವ ಗಾಡಿನೂ ಹತ್ತಂಗಿಲ್ಲ. ಮುಟ್ಟಿದ್ರ ಸೈಕಲ್ ನಿಂದು, ನಾ ಇನ್ನ ತುಟಿ ಬಿಚ್ಚಂಗಿಲ್ಲ. ಇಲ್ಲಾಂದ್ರ ಸೈಕಲ್ ಅಟ್ಟಕ್ಕ."

ನನ್ನ ತವರು ಮಾಗಳ. ಹಡಗಲಿ ದಾಟಿ, ಹೊಳೆ ದಂಡೆಯ ಊರು. ಅರ್ಧ ದಿನದ ತುಳಿತ. ಅಟ್ಟದ ಹೆದರಿಕೆ ಇದ್ದರೂ ಒಪ್ಪಿಕೊಂಡೆ. ತಯಾರಿಗೆಂದು ಎರಡು ತಿಂಗಳು ಸುತ್ತಮುತ್ತಲ ತಾಲ್ಲೂಕೆಲ್ಲ ಸುತ್ತಿದೆ.

೧. ಏನು ಕಳಕೊಂಡ್ರಿ?

ಮೊದಲ ಭಾನುವಾರ ಕೂಡ್ಲಿಗಿ ಕಡೆಯ ಕಾಡುರಸ್ತೆಗೆ ಹೋದೆ. ಒಂದು ದಿಬ್ಬದ ತನಕ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು. ಕುರಿ ಕಾಯುವವನೊಬ್ಬ ಬಂಡೆಯ ಮೇಲೆ ಕೂತು ನೋಡುತ್ತಿದ್ದ. ಮೂರನೇ ಸಲ ಕೆಳಗಿಳಿದು ಬಂದ.

"ಏನು ಕಳಕೊಂಡ್ರಿ ಅಮ್ಮಾರೇ?"

"ಏನೂ ಇಲ್ಲಪ್ಪಾ, ಸುಮ್ನೆ ಬಂದೀನಿ."

"ಸುಮ್ನೆ ಹೋಗೋರು ಅದಾರ, ಸುಮ್ನೆ ಬರೋರೂ ಅದಾರ. ಸುಮ್ನೆ ಹೋಗಿ, ಸುಮ್ನೆ ಬಂದು, ಮತ್ತ ಸುಮ್ನೆ ಹೋಗೋರ್ನ ನಾ ನೋಡಿಲ್ಲ. ಸಂಕೋಚ ಪಡಬ್ಯಾಡ್ರಿ, ಹೇಳ್ರಿ."

ವ್ಯಾಯಾಮ ಎಂದೆ. ಅವನು ಬಿಸಿಲಲ್ಲಿ ಬೆವರಿದ ನನ್ನ ಮುಖವನ್ನು ನೋಡಿ, "ಬಂಗಾರದ್ದೇನ್ರಿ?" ಎಂದು ದನಿ ತಗ್ಗಿಸಿ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ದಿಬ್ಬದಾಚೆಯ ಗೆಳೆಯನನ್ನೂ ಕೂಗಿ ಕರೆದಿದ್ದ. ಇಬ್ಬರೂ ಕೋಲಿನಿಂದ ಕಾರೆ ಗಿಡ ಸರಿಸಿ ಹುಡುಕತೊಡಗಿದರು. "ಸಂಜಿ ಮಾಡಬ್ಯಾಡ್ರಿ, ಈ ಕಡಿ ಕರಡಿ ತಿರುಗ್ತಾವ" ಎಂದು ನನಗೇ ಅವಸರ ಬೇರೆ. ಮುಳ್ಳು ಚುಚ್ಚಿಸಿಕೊಂಡು ಹುಡುಕುವವರ ಮುಂದೆ ಸುಮ್ಮನೆ ನಿಲ್ಲಲು ನಾಚಿಕೆಯಾಯಿತು. ನಾನೂ ಹುಡುಕಿದೆ. ಏನನ್ನು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮರು ಭಾನುವಾರ ಅವನು ಅದೇ ಬಂಡೆಯ ಮೇಲಿದ್ದ. ನನ್ನನ್ನು ಕಂಡವನೇ ಓಡಿಬಂದು ಟವೆಲ್ ಬಿಚ್ಚಿದ. ಒಂದು ಕಾಲುಚೈನು, ಒಂದೇ ಗಾಜಿನ ಕನ್ನಡಕ, ಟಾರ್ಚಿನ ಮುಚ್ಚಳ, ಒಂದು ಹಲ್ಲಿನ ಸೆಟ್ಟು.

"ವಾರೆಲ್ಲಾ ಹುಡುಕೀವ್ರಿ. ಇದರಾಗ ನಿಮ್ಮವು ಎಷ್ಟು, ಆರಿಸ್ಕೊಳ್ರಿ" ಎಂದ.

೨. ಆಧಾರ್ ಕಾರ್ಡು

ಇನ್ನೊಂದು ಭಾನುವಾರ ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆ ಹೋಗಿದ್ದೆ. ಅಲ್ಲಿನ ಒಳರಸ್ತೆಯಲ್ಲಿ ಹಿಂದಿನಿಂದ ಬಸ್ಸು ಬಂತು. ದಾರಿ ಬಿಡಲೆಂದು ಪಕ್ಕಕ್ಕೆ ನಿಂತೆ. ಬಸ್ಸೂ ನಿಂತಿತು. ಬಾಗಿಲು ತೆರೆಯಿತು.

"ಹತ್ರಿ ಮೇಡಂ" ಎಂದ ಕಂಡಕ್ಟರ್.

"ಬ್ಯಾಡ್ರಿ, ಸೈಕಲ್ ಐತಿ."

"ಸೈಕಲ್ ಟಾಪ್ ಮ್ಯಾಲೆ ಹಾಕೋಣಂತ್ರಿ. ಹೆಣ್ಮಕ್ಕಳಿಗೆ ಫ್ರೀ ಐತಿ, ಗೊತ್ತಿಲ್ಲೇನ್ರಿ?"

"ಗೊತ್ತೈತಿ. ಆದ್ರೂ ಬ್ಯಾಡ."

ಬಸ್ಸಿನೊಳಗೆ ಗುಸುಗುಸು ಎದ್ದಿತು. ಫ್ರೀ ಇರುವುದನ್ನು ಬೇಡ ಎನ್ನುವ ಹೆಂಗಸು ಆ ಸೀಮೆಯಲ್ಲಿ ಅದೇ ಮೊದಲು. ಅಷ್ಟರಲ್ಲಿ ಯಾರಿಗೋ ಕಾರಣ ಹೊಳೆಯಿತು: "ಅಯ್ಯೋ, ಪಾಪ, ಆಧಾರ್ ಕಾರ್ಡ್ ಬಿಟ್ಟು ಬಂದಾರ!"

ಬಸ್ಸಿಗೆ ಬಸ್ಸೇ ಅಯ್ಯೋ ಎಂದಿತು. ಕಿಟಕಿಯ ಪಕ್ಕದ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ಚಾಚಿದಳು. "ಇದು ನಮ್ಮ ಸೊಸಿದು. ಆಕಿ ಊರಾಗ ಅದಾಳ, ಇವತ್ತೆಲ್ಲಿಗೂ ಹೋಗಾದಿಲ್ಲ. ತೋರಿಸಿ ಹತ್ತು ತಂಗೀ. ಆ ಫೋಟೊದಾಗ ಆಕಿ ಗುರ್ತು ನನಗೇ ಸಿಗವಲ್ದು, ಇವನಿಗೇನು ಸಿಗ್ತೈತಿ?"

ಇವನು ಎಂದರೆ ಅಲ್ಲೇ ನಿಂತಿದ್ದ ಕಂಡಕ್ಟರ್. ಆತ ಸಭ್ಯನಂತೆ ಆಕಾಶ ನೋಡುತ್ತಾ, "ನಾ ಏನೂ ಕೇಳಿಸ್ಕೊಂಡಿಲ್ಲ, ಲಗೂನ ಹತ್ರಿ" ಎಂದ.

ಬೇರೆ ದಾರಿ ಕಾಣದೆ ನನ್ನ ಚೀಲದಿಂದ ನನ್ನದೇ ಕಾರ್ಡು ತೆಗೆದು ಎತ್ತಿ ತೋರಿಸಿದೆ. ಎಲ್ಲರೂ ನೋಡಿದರು. ಕಂಡಕ್ಟರ್ ಕಾರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ.

"ಕಾರ್ಡ್ ಚಲೋ ಐತ್ರಿ" ಎಂದ ಬಹಳ ಮರುಕದಿಂದ. "ಹಂಗಾದ್ರ ನಿಮಗೇ ಏನೋ ಆಗೈತಿ."

೩. ಹುರುಳಿ

ಪಂಥದ ದಿನ ಬಂತು; ಶಾಲೆಗೆ ಸಾಲಾಗಿ ಎರಡು ದಿನ ರಜೆ. ಬೆಳಕು ಹರಿಯುವಾಗಲೇ ಕೊಟ್ಟೂರು ಬಿಟ್ಟೆ. ಇಟ್ಟಿಗಿ ದಾಟಿದ ಮೇಲೆ ಒಳರಸ್ತೆಗೆ ತಿರುಗಿದೆ. ಒಂದು ನರಪಿಳ್ಳೆ ಇಲ್ಲ. ಮನಸ್ಸು ಹಕ್ಕಿಯಂತಾಯಿತು. ತಿರುವಿನಾಚೆ ನೋಡುತ್ತೇನೆ, ರಸ್ತೆಯೇ ಇಲ್ಲ. ಇದ್ದದ್ದು ಹುರುಳಿ.

ಕಣದ ಕೆಲಸ ರಸ್ತೆಗೆ ವಹಿಸುವುದು ನಮ್ಮ ಕಡೆ ಹೊಸದಲ್ಲ. ಕಿತ್ತ ಗಿಡವನ್ನು ಡಾಂಬರಿನ ಮೇಲೆ ಹರಡಿದರೆ ಬಂದ ಗಾಡಿಗಳು ತುಳಿದು ಕಾಳು ಉದುರಿಸಿಕೊಡುತ್ತವೆ. ಸೈಕಲ್ ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೊರಟೆ. ಬೇವಿನ ಮರದ ಕೆಳಗಿನಿಂದ ಒಂದು ಅಜ್ಜಿ ಅರಚಿತು.

"ಏ ಯವ್ವಾ! ಬಾಜೂಕ ಯಾಕ ಹೊಂಟಿ? ಮ್ಯಾಲೆ ಹೋಗು! ಮುಂಜಾನಿಂದ ಕುಂತೀನಿ, ಒಂದು ಗಾಡಿ ಬಂದಿಲ್ಲ."

"ಅಜ್ಜೀ, ಇದು ಸೈಕಲ್. ಹಗುರ ಐತಿ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. "ಸೈಕಲ್ ಹಗುರ ಇರವಲ್ದ್ಯಾಕ, ನೀ ಹಗುರಿಲ್ಲಲ್ಲ."

ಗಾಡಿ ಬರದ ರಸ್ತೆ ಹುಡುಕಿಕೊಂಡು ಬಂದವಳು ನಾನು. ಗಾಡಿಗೆ ಕಾದು ಕೂತವಳು ಅಜ್ಜಿ. ಇಬ್ಬರಲ್ಲಿ ಯಾರ ಲೆಕ್ಕ ತಪ್ಪು ಎಂದು ತಿಳಿಯದೆ ಸೈಕಲ್ ಹತ್ತಿ ತುಳಿದೆ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಇಪ್ಪತ್ತು ಸುತ್ತಿಗೆ ಅಜ್ಜಿ ನೀರು ಕೊಟ್ಟು ವಿಚಾರಣೆ ಶುರು ಮಾಡಿತು.

"ಎಲ್ಲಿಗೆ?"

"ಮಾಗಳಕ್ಕ. ತವರು."

ಅಜ್ಜಿಯ ಮುಖ ಬದಲಾಯಿತು. "ಹೊಡದನೇನು?"

"ಇಲ್ಲಜ್ಜೀ! ನಮ್ಮವರು ಒಳ್ಳೇವ್ರು."

"ಒಳ್ಳೇವ ಹೆಂಡತೀನ ಸೈಕಲ್ ಮ್ಯಾಲೆ ಕಳಿಸ್ತಾನಾ, ಬಸ್ ಫ್ರೀ ಇಟ್ಕೊಂಡು?"

"ಪಂಥ ಕಟ್ಟೀವಿ ಅಜ್ಜೀ."

"ಪಂಥ ಅಂದ್ರ ಜಗಳನ ತಗಿ. ಯಾರ ಮನಿ ಮಗಳು ನೀ?"

ಹೇಳಿದೆ. ಹೇಳಬಾರದಿತ್ತು. ಅಜ್ಜಿಯ ತಂಗಿಯನ್ನು ಮಾಗಳಕ್ಕೇ ಕೊಟ್ಟಿದ್ದರಂತೆ. ನಾನು ಇನ್ನೂ ಹತ್ತು ಸುತ್ತು ಹೊಡೆದು ಮುಂದಕ್ಕೆ ಹೊರಡುವಾಗ ಅಜ್ಜಿ ಫೋನು ಕಿವಿಗಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿತ್ತು. ಬಿಸಿಲಿಗೆ ಕಣ್ಣು ನೀರಾಡಿರಬೇಕು ಎಂದುಕೊಂಡೆ.

೪. ತೀರ್ಮಾನ

ಮಾಗಳ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಗೆದ್ದೆ ಎಂದು ಬೆಲ್ಲು ಹೊಡೆಯುತ್ತಾ ನಮ್ಮ ಓಣಿಗೆ ತಿರುಗಿದೆ. ಅಂಗಳದ ತುಂಬ ಜನ. ಅವ್ವ ಅಳುತ್ತಿದ್ದಳು. ಕಟ್ಟೆಯ ಮೇಲೆ ದೊಡ್ಡಪ್ಪ, ಸುತ್ತ ಊರಿನ ನಾಲ್ಕು ಹಿರಿಯರು. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ತಲೆ ತಗ್ಗಿಸಿ ಕೂತವರು ನಮ್ಮವರು! ನನ್ನಣ್ಣ ಫೋನಿನಲ್ಲಿ ಹೆದರಿಸಿದ ಹೆದರಿಕೆಗೆ ಅಂಗಡಿ ಮುಚ್ಚಿ, ಸಿಕ್ಕ ಬಸ್ಸು ಹತ್ತಿ ನನಗಿಂತ ಮೊದಲೇ ಬಂದಿದ್ದರು.

ಅಜ್ಜಿ ಹೇಳಿದ್ದು ಜಗಳ ಎಂದು. ಊರು ಮುಟ್ಟುವಷ್ಟರಲ್ಲಿ ಅದು ಹೊಡೆತವಾಗಿ, ಉಪವಾಸವಾಗಿ, ನನ್ನ ಆಧಾರ್ ಕಾರ್ಡನ್ನು ಗಂಡ ಬೀಗ ಹಾಕಿ ಇಟ್ಟಿದ್ದಾನೆ ಎಂಬಲ್ಲಿಗೆ ನಿಂತಿತ್ತು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಎಲ್ಲರಿಗೂ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. "ಜಗಳಿಲ್ಲ, ಹೊಡ್ದಿಲ್ಲ, ಕಾರ್ಡೂ ಐತಿ. ಮತ್ತ ಸೈಕಲ್ ಯಾಕ?" ಎಂದರು ಹಿರಿಯರೊಬ್ಬರು.

ಇಷ್ಟಾದರೂ ನಮ್ಮವರು ಸೋಲೊಪ್ಪಲಿಲ್ಲ. "ಪೂರಾ ದಾರಿ ತುಳದಾಳಂತ ಏನು ಗ್ಯಾರಂಟಿ? ನಡುವ ಟ್ರ್ಯಾಕ್ಟರ್ ಹತ್ತಿರಬೇಕು. ನನ್ನ ಕೈಲೇ ಆಗದ ದಾರಿ ಅದು" ಎಂದುಬಿಟ್ಟರು. ನನಗೆ ಅಳುವೇ ಬಂತು. ಅಷ್ಟು ತುಳಿದು ಬಂದು ಕೊನೆಗೆ ಅಟ್ಟವೇ?

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಜಗಳ ಇಲ್ಲದಿದ್ರೂ ಉಣ್ರಿ, ಅಡಿಗಿ ಆಗೈತಿ. ಆದ್ರ ಹಿರೇರು ಕೂಡಿದ ಮ್ಯಾಲೆ ತೀರ್ಮಾನ ಆಗ್ದ ಏಳಬಾರದು. ನಾಳಿಗೆ ನಮ್ಮ ಹುಡುಗಿ ಬಸ್ಸಿಗೆ ಹೋಗ್ಲಿ, ಆಕಿಗೆ ಫ್ರೀ ಐತಿ. ಅಳಿಯಂದಿರಿಗೆ ಟಿಕೆಟ್ ಬೀಳ್ತೈತಿ. ಅದಕ್ಕ ಅವರು ಸೈಕಲ್ ಮ್ಯಾಲೆ ಹೋಗ್ಲಿ. ಆಗೋ ದಾರಿನೋ ಆಗದ ದಾರಿನೋ ಅವರಿಗೇ ಗೊತ್ತಾಗ್ಲಿ."

ನಮ್ಮವರು ಸುತ್ತ ನೋಡಿದರು. ಅಂಗಳದ ತುಂಬ ಹೆಂಡತಿಯ ಕಡೆಯವರೇ. ಎದ್ದು ಹೋಗಿ ಸೈಕಲ್ಲಿನ ಗಾಳಿ ಒತ್ತಿ ನೋಡಿದರು.

ಮರುದಿನ ಬೆಳಿಗ್ಗೆ ಅವರನ್ನು ಕಳಿಸಿಕೊಟ್ಟೆ. "ದೊಡ್ಡ ರಸ್ತ್ಯಾಗ ಲಾರಿ ಕಾಟ, ನಾ ಬಂದ ದಾರಿನೇ ಹಿಡೀರಿ, ಒಂದು ಪಿಳ್ಳಿನೂ ಇರಂಗಿಲ್ಲ" ಎಂದು ಕಾಳಜಿಯಿಂದಲೇ ಹೇಳಿದೆ. ಆಧಾರ್ ಕಾರ್ಡು ತೋರಿಸಿ, ಕಿಟಕಿ ಪಕ್ಕ ಕೂತು, ಹನ್ನೊಂದಕ್ಕೆಲ್ಲ ಮನೆ ಸೇರಿದೆ. ಒಂದಾಯಿತು, ಎರಡಾಯಿತು, ಮೂರಾಯಿತು. ನಮ್ಮವರ ಸುಳಿವಿಲ್ಲ. ಗಾಬರಿಯಾಗಿ ಫೋನು ಮಾಡಿದೆ.

"ಎಲ್ಲಿ ಅದೀರಿ?"

ಏದುಸಿರಿನ ನಡುವೆ ಉತ್ತರ ಬಂತು. "ಹುರುಳಿ ಮ್ಯಾಲೆ."

"ಏನು?"

"ಈ ಮುದುಕಿ ಸೈಕಲ್ ಗುರ್ತು ಹಿಡದಾಳ. ಹೆಂಡತೀನ ಹೊಡದ ಪಾಪಕ್ಕ ನೂರು ಸುತ್ತು ಅಂತ ಕೋಲು ಹಿಡಕೊಂಡು ನಿಂತಾಳ. ಎಣಿಕಿ ಬರಾದಿಲ್ಲ ಆಕಿಗೆ. ಎಪ್ಪತ್ತಕ್ಕ ಬಂದ್ರ ಮತ್ತ ಒಂದರಿಂದ ಹಿಡೀತಾಳ!"

ಹಿಂದಿನಿಂದ ಅಜ್ಜಿಯ ದನಿ: "ಫೋನಿನ್ಯಾಗ ಆಮ್ಯಾಲೆ ಮಾತಾಡಂತಿ, ತುಳಿ!"

"ಕೇಳಿಲ್ಲಿ" ಎಂದರು ನಮ್ಮವರು. "ನೀ ಗೆದ್ದಿ. ಸೈಕಲ್ ನಿಂದು. ಬಂದು ತಗೊಂಡು ಹೋಗು."